ಸಿಬಿಸಿ ಚೀಟಿ ನೋಡಿ ಶುಗರ್ ಇದ್ದವರ ಕಣ್ಣಿನ ಅಪಾಯ ಹೇಳಬಹುದೇ?

ಪರ: ಚೀಟಿ ಕೈಯಲ್ಲೇ ಇದೆ, ನೋಡಿ

ನಾನು ಸಿಂಧನೂರಿನಲ್ಲಿ ಲ್ಯಾಬ್ ನಡೆಸುವವನು. ಇದು ನನ್ನ ಹೊಟ್ಟೆಪಾಡಿನ ಮಾತೂ ಹೌದು, ಮುಚ್ಚಿಡಲ್ಲ. ಸಿಬಿಸಿ, ಅಂದರೆ ರಕ್ತಕಣ ಎಣಿಸುವ ಪರೀಕ್ಷೆಯ ಚೀಟಿಯಲ್ಲಿ ನ್ಯೂಟ್ರೋಫಿಲ್, ಲಿಂಫೋಸೈಟ್ ಎಂದು ಎರಡು ಬಗೆಯ ಬಿಳಿ ರಕ್ತಕಣಗಳ ಎರಡು ಸಾಲಿರುತ್ತವೆ. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿ. 60 ಮತ್ತು 30 ಇದ್ದರೆ ಅನುಪಾತ 2. ಹೊಸ ಸೂಜಿ ಬೇಡ, ಹೊಸ ಖರ್ಚಿಲ್ಲ. ಶುಗರ್ ಹತೋಟಿ ತಪ್ಪಿದವರ ಮೈಯಲ್ಲಿ ಸಣ್ಣಗೆ ಉರಿಯೂತ ಸಾಮಾನ್ಯವಾಗಿ ಇರುತ್ತದೆ. ಬಿಳಿ ರಕ್ತಕಣಗಳು ರೆಟಿನಾದ, ಅಂದರೆ ಕಣ್ಣಿನ ಒಳಪರದೆಯ ಸಣ್ಣ ನಾಳಗಳ ಗೋಡೆಗೆ ಅಂಟಿ ದಾರಿ ಕಟ್ಟುತ್ತವೆ. ಶುಗರ್‌ನಿಂದ ಕಣ್ಣು ಕೆಟ್ಟವರಲ್ಲಿ ಈ ಅನುಪಾತ ಜಾಸ್ತಿ ಎಂದು ಹಲವು ಅಧ್ಯಯನಗಳು ತೋರಿಸಿವೆ.

ನಮ್ಮ ಮಾಮ ಭತ್ತ ಬೆಳೆಯುವವರು. ರಕ್ತ ಕೊಡು ಅಂದರೆ ಕೈ ಚಾಚುತ್ತಿದ್ದರು. ಕಣ್ಣು ತೋರಿಸು ಅಂದರೆ, "ಡ್ರಾಪ್ಸ್ ಹಾಕಿದ್ರೆ ಮಂಜು ಮಂಜು ಆಗ್ತದ, ಗಾಡಿ ಹೊಡ್ಕೊಂಡು ಊರಿಗೆ ಹೆಂಗ ಹೋಗ್ಲಿ?" ಎಂದು ತಪ್ಪಿಸಿಕೊಳ್ಳುತ್ತಿದ್ದರು. ಎಡಗಣ್ಣಿನ ಮುಂದೆ ಕಪ್ಪು ಎಳೆಗಳು ತೇಲಾಡತೊಡಗಿದಾಗ ರಾಯಚೂರಿಗೆ ಓಡಿದೆವು. ಒಳಗೆ ರಕ್ತ ಸೋರಿತ್ತು. ಅತ್ತೆಯ ಟ್ರಂಕಿನಲ್ಲಿದ್ದ ಹಳೆಯ ಚೀಟಿಗಳನ್ನೆಲ್ಲ ತೆಗೆದು ಲೆಕ್ಕ ಹಾಕಿದೆ. ಅನುಪಾತ ವರ್ಷದಿಂದ ವರ್ಷಕ್ಕೆ ಏರುತ್ತಲೇ ಬಂದಿತ್ತು. ಯಾವ ಆಸ್ಪತ್ರೆಯಲ್ಲೂ ಯಾರೂ ಅದನ್ನು ಭಾಗಿಸಿ ನೋಡಿರಲಿಲ್ಲ. ಖರ್ಚಿಲ್ಲದ ಲೆಕ್ಕ ಸ್ವಾಮಿ ಇದು!

ಜ್ವರ ಬಂದರೂ ಅನುಪಾತ ಏರುತ್ತದಲ್ಲ ಎನ್ನುತ್ತಾರೆ ವಿರೋಧಿಸುವವರು. ಜ್ವರ ಇಳಿದ ಮೇಲೆ ಇನ್ನೊಮ್ಮೆ ಮಾಡಿಸಿ, ಅಷ್ಟೆ. ಇಲ್ಲವಾದರೆ ಊರೂರಿಗೂ ರೆಟಿನಾ ಕ್ಯಾಮೆರಾ ತಂದುಕೊಡುತ್ತಾರಾ ಇವರು?

ವಿರೋಧ: ಕಣ್ಣು ತಿಳಿಯಲು ಕಣ್ಣನ್ನೇ ನೋಡಬೇಕು

ವಿರೋಧ ಬರೆಯಿರಿ ಅಂದರು, ಬರೆಯುತ್ತಿದ್ದೇನೆ. ಲ್ಯಾಬಿನವರು ಗಿಳಿಶಾಸ್ತ್ರದವರ ಹಾಗೆ ಚೀಟಿ ಎತ್ತಿ ಭವಿಷ್ಯ ಹೇಳಲು ಹೊರಟಿದ್ದಾರೆ. ಕಾಲಿನ ಹುಣ್ಣು, ಸ್ಟೀರಾಯ್ಡ್ ಮಾತ್ರೆ, ಯಾವ ಸೋಂಕು ಬಂದರೂ ಈ ಅನುಪಾತ ಏರಬಹುದು. ಎಷ್ಟಿದ್ದರೆ ಅಪಾಯ ಎಂಬುದಕ್ಕೆ ಎಲ್ಲರೂ ಒಪ್ಪಿದ ಗೆರೆಯೂ ಇಲ್ಲ. ಕೆಲವರು ರಕ್ತ ಹೆಪ್ಪುಗಟ್ಟಿಸುವ ಪ್ಲೇಟ್‌ಲೆಟ್ ಕಣಗಳ ಗಾತ್ರವನ್ನೂ ನೋಡಿ ಅನ್ನುತ್ತಾರೆ. ದೇವದುರ್ಗದಲ್ಲಿ ತೆಗೆದ ರಕ್ತ ಬಸ್ಸಿನಲ್ಲಿ ರಾಯಚೂರು ಮುಟ್ಟುವಷ್ಟರಲ್ಲಿ ಟ್ಯೂಬಿನೊಳಗೇ ಪ್ಲೇಟ್‌ಲೆಟ್ ಊದಿಕೊಳ್ಳುತ್ತವೆ. ಆ ಅಳತೆ ಯಾರದ್ದು, ರೋಗಿಯದ್ದೋ ಬಸ್ಸಿನದ್ದೋ?

ಟೈಪ್ 2 ಶುಗರ್ ಗೊತ್ತಾದಾಗಲೇ ಒಮ್ಮೆ ಕಣ್ಣು ತೋರಿಸಬೇಕು, ಆಮೇಲೆ ವರ್ಷಕ್ಕೊಮ್ಮೆ. ನಿಯಮ ಇಷ್ಟೇ. ಅನುಪಾತಕ್ಕೆ ಹೆದರಿಯಾದರೂ ಜನ ಬಂದರೆ ನಾನೇನು ಬೇಡ ಅನ್ನಲ್ಲ. ಕಡಿಮೆ ಬಂದವರ ಗತಿ ಏನು? "ನಮ್ದು ನಾರ್ಮಲ್ ಅದ" ಎಂದು ಚೀಟಿ ಮಡಚಿ ಜೇಬಿಗಿಟ್ಟುಕೊಂಡು ಹೋಗುವವರನ್ನು ಕಣ್ಣಿನ ವಾರ್ಡಿಗೆ ಕರೆತರುವವರು ಯಾರು?