ಚಾರ್ಲಿ ಬ್ರೌನ್ ಕ್ರಿಸ್ಮಸ್: ಈಗಿನ ಮಕ್ಕಳಿಗೂ ತೋರಿಸಬೇಕಾ?

ಪರ: ಆ ಒರಟುತನವೇ ಅದರ ಜೀವ

ಚಾರ್ಲಿ ಬ್ರೌನ್ ಅನ್ನುವ ಹುಡುಗನ ಕಾರ್ಟೂನ್ 'ಎ ಚಾರ್ಲಿ ಬ್ರೌನ್ ಕ್ರಿಸ್ಮಸ್' ಅಮೆರಿಕದ ಸಿಬಿಎಸ್ ಚಾನೆಲ್‌ನಲ್ಲಿ ಬಂದದ್ದು 1965ರ ಡಿಸೆಂಬರ್ 9ರಂದು. ಮೊದಲೇ ನೋಡಿದ್ದ ಚಾನೆಲ್‌ನ ದೊಡ್ಡವರಿಗೆ ಅದು ಹಿಡಿಸಿರಲಿಲ್ಲ. ತೀರಾ ನಿಧಾನ ಅಂದರು. ಮಕ್ಕಳ ಕಾರ್ಟೂನಿಗೆ ಜಾಝ್ ಯಾಕೆ ಅಂದರು. ಅವರಿಗೆ ಬೇಡವಾದದ್ದೇ ನನಗೆ ಬೇಕು.

ಆರೇ ತಿಂಗಳಲ್ಲಿ ಮುಗಿಸಿದ ಕೆಲಸ ಅದು. ನಿರ್ಮಾಪಕ ಲೀ ಮೆಂಡೆಲ್ಸನ್ ಮತ್ತು ನಿರ್ದೇಶಕ ಬಿಲ್ ಮೆಲೆಂಡೆಜ್ ಮಕ್ಕಳ ಪಾತ್ರಗಳಿಗೆ ಮಕ್ಕಳಿಂದಲೇ ಮಾತಾಡಿಸಿದರು. ಚಾರ್ಲಿಯ ತಂಗಿ ಸ್ಯಾಲಿಗೆ ದನಿ ಕೊಟ್ಟ ಹುಡುಗಿಗೆ ಓದಲೂ ಬರುತ್ತಿರಲಿಲ್ಲ. ತುಣುಕು ತುಣುಕಾಗಿ ಹೇಳಿಕೊಟ್ಟು, ರೆಕಾರ್ಡ್ ಮಾಡಿ, ಆಮೇಲೆ ಜೋಡಿಸಿದರು. ಕಿವಿಗೊಟ್ಟು ಕೇಳಿ, ಆ ತಡವರಿಕೆ ಗೊತ್ತಾಗುತ್ತದೆ. ಪಳಗಿದ ಕಲಾವಿದರಿಗೆ ಅದು ಬರಲ್ಲ. ನಗೆಯ ಸದ್ದು ಸೇರಿಸೋಣ ಅಂದಾಗ ಈ ಪಾತ್ರಗಳನ್ನು ಹುಟ್ಟುಹಾಕಿದ ಚಾರ್ಲ್ಸ್ ಶುಲ್ಝ್ ಒಪ್ಪಲೇ ಇಲ್ಲ. ಎಲ್ಲಿ ನಗಬೇಕು ಅಂತ ಮಕ್ಕಳಿಗೆ ಯಾರೂ ಹೇಳಿಕೊಡಬೇಕಿಲ್ಲ, ಅಲ್ವಾ?

ಚಾರ್ಲಿಯ ಗೆಳೆಯ ಲೈನಸ್ ವೇದಿಕೆ ಮೇಲೆ ಬೈಬಲಿನ ಲೂಕನ ಸುವಾರ್ತೆಯ ಮಾತು ಹೇಳುವ ಜಾಗ ನೋಡಿ. 'ಹೆದರಬೇಡಿ' ಅನ್ನುವಾಗ, ಎಂದೂ ಕೈಬಿಡದ ತನ್ನ ಹೊದಿಕೆಯನ್ನು ಅವನು ಬಿಟ್ಟುಬಿಡುತ್ತಾನೆ. ಯಾರೂ ಅದನ್ನು ಎತ್ತಿ ತೋರಿಸುವುದಿಲ್ಲ. ಈಗಿನ ಕಾರ್ಟೂನುಗಳಲ್ಲಿ ಬರೀ ಕಿರುಚಾಟ. ಇದು ನಿಧಾನ ಅನ್ನುವವರಿಗೆ ಎರಡು ನಿಮಿಷ ಸುಮ್ನೆ ಕೂರುವ ವ್ಯವಧಾನ ಇಲ್ಲ, ಅಷ್ಟೇ.

ವಿರೋಧ: ಹಂಗಿಸಿದವರು ಕ್ಷಮೆ ಕೇಳಲೇ ಇಲ್ಲ

ಇದಕ್ಕೆ ಜಾಝ್ ಸಂಗೀತ ಕೊಟ್ಟ ವಿನ್ಸ್ ಗ್ವಾರಾಲ್ಡಿಯ ಪಿಯಾನೊ ಬಗ್ಗೆ ನನ್ನ ತಕರಾರಿಲ್ಲ. ಅದು ಚೆನ್ನಾಗಿಯೇ ಇದೆ. ಆದರೆ ಕ್ರಿಸ್ಮಸ್ ಬರೀ ವ್ಯಾಪಾರವಾಯಿತು ಅಂತ ಕೊರಗುವ ಈ ಕಾರ್ಯಕ್ರಮಕ್ಕೆ ದುಡ್ಡು ಹಾಕಿದ್ದು ಕೋಕಾ-ಕೋಲಾ. 2020ರಿಂದ ಹಕ್ಕು ಆಪಲ್ ಕೈಯಲ್ಲಿದೆ.

ನನ್ನ ಬೇಸರ ಮಾತ್ರ ಬೇರೆ. ನ್ಯೂಜೆರ್ಸಿಯಲ್ಲಿ ಅಕ್ಕನ ಮಗನ ಜೊತೆ ಕೂತು ಇದನ್ನು ನೋಡಿದೆ. ಅವನು ಆಗಷ್ಟೇ ಹೊಸ ಶಾಲೆಗೆ ಸೇರಿದ್ದ, ಊಟಕ್ಕೆ ಜೊತೆ ಕೂರುವವರು ಇನ್ನೂ ಸಿಕ್ಕಿರಲಿಲ್ಲ. ನಾಟಕಕ್ಕೆ ಅಂತ ಚಾರ್ಲಿ ಒಂದು ಬಡಕಲು ಕ್ರಿಸ್ಮಸ್ ಮರ ತಂದಾಗ ಜೊತೆಯ ಮಕ್ಕಳೆಲ್ಲರೂ ಬೈದು ನಗುತ್ತಾರಲ್ಲ, ಅಲ್ಲಿಗೆ ಹುಡುಗ ಎದ್ದು ಅಡುಗೆಮನೆಗೆ ಹೋದ. ಸಮಾಧಾನ ಮಾಡಿ ಕರೆತಂದೆ. ಮುಗಿದ ಮೇಲೆ, "ಮಾಮ, ಅವರು ಸಾರಿನೇ ಕೇಳಲಿಲ್ಲ" ಅಂದ.

ಹೌದು, ಕೊನೆಗೆ ಎಲ್ಲರೂ ಸೇರಿ ಆ ಮರವನ್ನು ಸಿಂಗರಿಸುತ್ತಾರೆ, ಹಾಡುತ್ತಾರೆ. ತಪ್ಪಾಯಿತು ಅಂತ ಒಬ್ಬರ ಬಾಯಲ್ಲೂ ಬರಲ್ಲ. ಮರ ಚೆನ್ನಾಗಿದೆ ಅಂತ ಮೆಚ್ಚುವಾಗಲೂ ಆ ಗುಂಪಿನ ಹುಡುಗಿ ಲೂಸಿ ಚಾರ್ಲಿಯನ್ನು ಪೆದ್ದ ಅಂತಲೇ ಕರೆಯುತ್ತಾಳೆ.