ರೂಟರ್ ಆಫ್ ಮಾಡಿದರೆ ಹೊಸ ಐಪಿ ಗ್ಯಾರಂಟಿನಾ?

"ರೂಟರ್ ಐದು ನಿಮಿಷ ಆಫ್ ಮಾಡಿಡಿ, ಹೊಸ ಐಪಿ ವಿಳಾಸ ಗ್ಯಾರಂಟಿ" ಎಂಬ ಸಂದೇಶ ವಾಟ್ಸಾಪ್‌ನಲ್ಲಿ ಓಡಾಡುತ್ತಿದೆ. ಐಪಿ ಅಂದರೆ ಇಂಟರ್ನೆಟ್‌ನಲ್ಲಿ ನಿಮ್ಮ ಕನೆಕ್ಷನ್‌ನ ವಿಳಾಸದ ನಂಬರ್. ಕೇಬಲ್ ಬ್ರಾಡ್‌ಬ್ಯಾಂಡ್‌ನಲ್ಲಿ ಅಂಥ ಗ್ಯಾರಂಟಿ ಇಲ್ಲ.

ಕೇಬಲ್ ಮೋಡೆಮ್ ಇರುವ ಕಡೆ ಸಾಮಾನ್ಯವಾಗಿ ಕಂಪನಿಯ ಡಿಎಚ್‌ಸಿಪಿ ಸರ್ವರ್ ಐಪಿ ಕೊಡುತ್ತದೆ. ಅದು ಇಂತಿಷ್ಟು ಹೊತ್ತಿಗೆ ಅಂತ, ಒಂಥರಾ ಬಾಡಿಗೆ ಕರಾರು. ಯಾರಿಗೆ ಕೊಟ್ಟಿದ್ದೇನೆ ಎಂಬುದನ್ನು ಹೆಚ್ಚಾಗಿ ರೂಟರ್‌ನ ಮ್ಯಾಕ್ ವಿಳಾಸದಿಂದ (ಸಾಧನದ ಗುರುತಿನ ಸಂಖ್ಯೆ) ಗುರುತಿಟ್ಟುಕೊಳ್ಳುತ್ತದೆ. ಅವಧಿ ಮುಗಿಯುವ ಮೊದಲೇ ರೂಟರ್ ವಾಪಸ್ ಬಂದರೆ ಸಾಮಾನ್ಯವಾಗಿ ಹಳೆಯದೇ ಸಿಗುತ್ತದೆ. ಮುಗಿದ ಮೇಲೂ ಆ ಐಪಿ ಖಾಲಿ ಇದ್ದರೆ ಮತ್ತೆ ಅದೇ ಬರಬಹುದು. ಯೂಸರ್‌ನೇಮ್, ಪಾಸ್‌ವರ್ಡ್ ಹಾಕುವ ಪಿಪಿಪಿಒಇ ಕನೆಕ್ಷನ್‌ಗಳಲ್ಲಿ ಮಾತ್ರ ಈ ಉಪಾಯ ಎಷ್ಟೋ ಸಲ ನಡೆಯುತ್ತದೆ. ಸಂದೇಶ ಹುಟ್ಟಿದ್ದು ಬಹುಶಃ ಅಲ್ಲೇ!

ಸೆಟ್ಟಿಂಗ್‌ನಲ್ಲಿ ರೂಟರ್‌ನ ವ್ಯಾನ್ (ಇಂಟರ್ನೆಟ್ ಕಡೆಯ) ಮ್ಯಾಕ್ ಬದಲಿಸಿ, ಮೋಡೆಮ್ ರೀಸ್ಟಾರ್ಟ್ ಮಾಡಿದರೆ ಐಪಿ ಬದಲಾಗುವ ಸಾಧ್ಯತೆ ಜಾಸ್ತಿ. ಆದರೆ ಕೆಲವು ಕಂಪನಿಗಳು ಮ್ಯಾಕ್‌ಗೆ ಲಾಕ್ ಹಾಕಿರುತ್ತವೆ, ಆಗ ನೆಟ್ಟೇ ನಿಲ್ಲುತ್ತದೆ. ಹಳೇ ಮ್ಯಾಕ್ ಮೊದಲೇ ಬರೆದಿಟ್ಟುಕೊಳ್ಳಿ.

192.168ರಿಂದ ಶುರುವಾಗುವ ನಂಬರ್ ಬದಲಿಸುವುದು ಸುಮ್ನೆ ಶ್ರಮ. ಅದು ಮನೆಯೊಳಗಿನ ವಿಳಾಸ, ಹೊರಗೆ ಕಾಣುವುದೇ ಇಲ್ಲ.

ಇನ್ನು, ರೂಟರ್‌ನ ವ್ಯಾನ್ ಐಪಿ 100.64ರಿಂದ 100.127ರೊಳಗೆ ಇದ್ದರೆ ನೀವು ಸಿಜಿ-ನ್ಯಾಟ್ ಹಿಂದೆ ಇದ್ದೀರಿ. ಅಂದರೆ ಹೊರಗೆ ಕಾಣುವ ಐಪಿಯನ್ನು ಹಲವು ಗ್ರಾಹಕರು ಹಂಚಿಕೊಂಡಿರುತ್ತಾರೆ. ನಿಮಗೇ ಅಂತ ಬೇರೆ ಐಪಿ ಬೇಕಿದ್ದರೆ ಕಂಪನಿಯನ್ನೇ ಕೇಳಬೇಕು.