ಅಂಜಲ್‌ಗೆ ಎಷ್ಟು ಅಂತ ಕೇಳಬಾರದು

ನಾನು ಹುಟ್ಟು ಸಸ್ಯಾಹಾರಿ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಯಾಕೆಂದರೆ ಮುಂದೆ ಮೀನಿನ ಸುದ್ದಿ ಜಾಸ್ತಿ ಬರುತ್ತದೆ, ಕೊನೆಗೆ ಅದು ನನ್ನ ತಲೆಗೇ ಬರುತ್ತದೆ.

ಕಳೆದ ತಿಂಗಳು ನಾವು ಐದು ಜನ ಹೊರಗೆ ಊಟಕ್ಕೆ ಹೋದೆವು. ರಜೆಯಲ್ಲಿ ಗಲ್ಫ್‌ನಿಂದ ಬಂದ ಗೆಳೆಯ, ನನ್ನ ಭಾವ, ಬ್ಯಾಂಕಿನಲ್ಲಿರುವ ಒಬ್ಬ, ಕನ್ನಡ ಶಾಲೆಯ ಮೇಷ್ಟ್ರು, ಮತ್ತೆ ನಾನು. ಕುಂಬಳೆ ದಾಟಿ ಕಾಸರಗೋಡಿಗೆ ಹೋಗುವಾಗ ಹೈವೇ ಬದಿಯಲ್ಲೊಂದು ಹೊಸ ರೆಸ್ಟೋರೆಂಟ್. ಹೆಸರು ಬೇಡ. ರಸ್ತೆ ಆರು ಲೇನ್ ಆದ ಮೇಲೆ ಎದುರಿಗೇ ಕಾಣುವ ಹೋಟೆಲಿಗೂ ಸೀದಾ ಹೋಗುವ ಹಾಗಿಲ್ಲ. ಸರ್ವೀಸ್ ರೋಡ್ ಹಿಡಿದು ಮುಂದೆ ಹೋಗಬೇಕು, ಅಂಡರ್‌ಪಾಸಿನಲ್ಲಿ ನುಸುಳಬೇಕು, ತಿರುಗಿ ಬರಬೇಕು. ಇಷ್ಟು ಪ್ರದಕ್ಷಿಣೆ ಹಾಕಿ ಒಳಗೆ ಕೂತವನು ಕ್ರಯ ಜಾಸ್ತಿ ಅಂತ ಎದ್ದು ಹೋಗುತ್ತಾನಾ? ಹೆದ್ದಾರಿ ಇಲಾಖೆಯವರು ತಿಳಿಯದೆಯೇ ಹೋಟೆಲಿನವರಿಗೆ ದೊಡ್ಡ ಉಪಕಾರ ಮಾಡಿದ್ದಾರೆ.

ಮೆನು ಕಾರ್ಡು ಬಂತು. ಮದುವೆ ಆಲ್ಬಮಿನಷ್ಟು ದಪ್ಪ. ಕಾಸರಗೋಡು ಸಪ್ತಭಾಷಾ ಸಂಗಮ ಭೂಮಿ ಅಂತ ನಾವು ಭಾಷಣದಲ್ಲೆಲ್ಲ ಹೇಳಿಕೊಳ್ಳುತ್ತೇವೆ. ಕನ್ನಡ, ತುಳು, ಮಲಯಾಳ, ಕೊಂಕಣಿ, ಬ್ಯಾರಿ, ಮರಾಠಿ, ಉರ್ದು. ಏಳರಲ್ಲಿ ಬಲದಿಂದ ಎಡಕ್ಕೆ ಓದುವುದು ಉರ್ದು ಒಂದೇ. ಆದರೆ ಮೆನು ಕೈಗೆ ಸಿಕ್ಕಿದ ಕೂಡಲೇ ಏಳೂ ಭಾಷೆಯವರು ಉರ್ದುವಿನವರಾಗುತ್ತಾರೆ. ಮೊದಲು ಬಲಗಡೆಯ ಅಂಕಿ, ಆಮೇಲೆ ಎಡಗಡೆಯ ತಿಂಡಿ.

ಇದನ್ನು ಮಾಡುವುದಕ್ಕೂ ಒಂದು ಕ್ರಮ ಇದೆ. ಬೆರಳು ಎಡಗಡೆಯ ಹೆಸರಿನ ಮೇಲಿರಬೇಕು. ಮುಖದಲ್ಲಿ ರುಚಿಯ ವಿಚಾರ ಮಾಡುತ್ತಿರುವ ಕಳೆ ಇರಬೇಕು. ಕಣ್ಣು ಮಾತ್ರ ಓರೆಯಾಗಿ ಬಲಕ್ಕೆ ಹೋಗಿ ಬರಬೇಕು. ಮೇಷ್ಟ್ರು ಇದರಲ್ಲಿ ಪಳಗಿದವರು, ಪರೀಕ್ಷೆಯ ಹಾಲಿನಲ್ಲಿ ಬೇರೆಯವರು ಮಾಡುವುದನ್ನು ಮೂವತ್ತು ವರ್ಷ ನೋಡಿದ್ದಾರೆ.

ಮೀನಿನ ಪುಟಕ್ಕೆ ಬಂದಾಗ ಬಲಗಡೆ ಅಂಕಿಯೇ ಇಲ್ಲ. ಮೂರೇ ಅಕ್ಷರ, ಎಪಿಎಸ್.

"ಇದು ಎಂತ, ಐಪಿಎಸ್‌ನ ತಮ್ಮನಾ?" ಅಂತ ಭಾವ ಕೇಳಿದ.

ಆಸ್ ಪರ್ ಸೈಜ್ ಅಂತೆ, ಗಾತ್ರಕ್ಕೆ ತಕ್ಕ ಕ್ರಯ. ಮೀನು ಎಷ್ಟು ದೊಡ್ಡದು ಅಂತ ಅಡುಗೆಮನೆಗೆ ಗೊತ್ತು. ನಮ್ಮ ಕಿಸೆ ಎಷ್ಟು ದೊಡ್ಡದು ಅಂತ ಪಾರ್ಕಿಂಗಿನಲ್ಲಿ ಕಾರು ನೋಡಿದವನಿಗೆ ಗೊತ್ತು. ಎರಡನ್ನೂ ಹೊಂದಿಸಿ ಒಂದು ಅಂಕಿ ಆಮೇಲೆ ಹೇಳುತ್ತಾರೆ. ಆಮೇಲೆ ಹೇಳುತ್ತೇವೆ ಅನ್ನುವುದು ನಮ್ಮ ಜಿಲ್ಲೆಗೆ ಹೊಸತೂ ಅಲ್ಲ. ಚಂದ್ರಗಿರಿ ಹೊಳೆಯ ಬಡಗು ಭಾಗ ಕರ್ನಾಟಕಕ್ಕೆ ಸೇರಬೇಕು ಅಂತ ಮಹಾಜನ್ ವರದಿ ಹೇಳಿದ್ದು 1967ರಲ್ಲಿ. ಅದೂ ಈಗಲೂ ಎಪಿಎಸ್.

ಮೀನಿನ ಹೆಸರಿನಲ್ಲೂ ಒಂದು ಮರ್ಮ ಇದೆ. ಮಂಜೇಶ್ವರದ ಗೂಡು ಹೋಟೆಲಿನಲ್ಲಿ ಅದು ಅಂಜಲ್. ಚಂದ್ರಗಿರಿ ದಾಟಿದರೆ ಅಯಕೂರ. ಇನ್ನೂ ತೆಂಕಿಗೆ ಹೋದರೆ ನೆಯ್‌ಮೀನ್. ಎಸಿ ಹಾಲ್‌ನೊಳಗೆ ಬಂದರೆ ಕಿಂಗ್ ಫಿಶ್. ಕಡಲಿನಲ್ಲಿ ಈಜುವಾಗ ಅದಕ್ಕೆ ಯಾವ ಹೆಸರೂ ಇರಲಿಲ್ಲ, ಕ್ರಯವೂ ಇರಲಿಲ್ಲ. ಭಾಷೆ ಬದಲಾದ ಹಾಗೆ ಎರಡೂ ಏರುತ್ತವೆ. ರಾಜನಾದ ಮೇಲೆ ಕೇಳಬೇಕಾ?

ಭಾವ ಧೈರ್ಯವಾಗಿ "ಒಂದು ಕಿಂಗ್ ಫಿಶ್ ತವಾ ಫ್ರೈ" ಅಂದ. ಅವನ ಧೈರ್ಯದ ಮೂಲ ನನಗೆ ಗೊತ್ತಿತ್ತು. ಎದುರಿಗೆ ಗಲ್ಫ್ ಗೆಳೆಯ ಕೂತಿದ್ದ. ನಮ್ಮ ಊರಿನಲ್ಲಿ ಬರೆಯದ ಕಾನೂನು ಒಂದಿದೆ, ಗಲ್ಫ್‌ನಿಂದ ಬಂದವನು ಮೊದಲ ಎರಡು ವಾರ ಕಿಸೆಗೆ ಕೈ ಹಾಕಲೇಬೇಕು. ಅಲ್ಲಿ ಅವನ ಸಂಬಳ ಎಷ್ಟು, ಸಾಲ ಎಷ್ಟು, ಒಂದು ರೂಮಿನಲ್ಲಿ ಎಷ್ಟು ಜನ ಮಲಗುತ್ತಾರೆ ಅಂತ ಯಾರೂ ಕೇಳುವುದಿಲ್ಲ. ಅದೂ ಎಪಿಎಸ್ ಅಲ್ವಾ.

ಉಳಿದವರ ಆರ್ಡರ್ ಕತೆ ಬೇರೆ. "ನಿಮಗೆ ಎಂತ?" ಅಂದರೆ ಬ್ಯಾಂಕಿನವನು "ನೀವು ಹೇಳಿದ್ದೇ" ಅಂದ. ಮೇಷ್ಟ್ರು "ನನಗೇನೂ ಬೇಡ, ಒಂದು ಚಾಯ ಸಾಕು" ಅಂದರು. ಮದುವೆ ಮನೆಯ ಅಭ್ಯಾಸ ಇದು. ಪಂಕ್ತಿಯಲ್ಲಿ ಹೋಳಿಗೆ ತಂದಾಗ ಎರಡು ಸಲ ಬೇಡ ಅನ್ನಬೇಕು, ಮೂರನೆಯ ಸಲ ಬಲವಂತಕ್ಕೆ ಸೋಲಬೇಕು. ಹೋಟೆಲಿನ ಹುಡುಗನಿಗೆ ಈ ಉಪಚಾರ ಗೊತ್ತಿಲ್ಲ. ಒಂದು ಸಲ ಬೇಡ ಅಂದದ್ದನ್ನು ಅವನು ಬೇಡ ಅಂತಲೇ ಬರೆದುಕೊಂಡ. ಮೇಷ್ಟ್ರ ಮುಖ ಬಾಡಿತು. ಕೊನೆಗೆ ಗಲ್ಫ್ ಗೆಳೆಯನೇ ಅವರಿಗೊಂದು ಬಿರಿಯಾನಿ ಹೇಳಿದ. ನಾನು ಎರಡು ಪರೋಟ, ಒಂದು ಗ್ರೀನ್‌ಪೀಸ್ ಮಸಾಲ, ಒಂದು ಲೈಮ್ ಸೋಡ ಹೇಳಿದೆ.

ಆಗ ನನಗೊಂದು ದುರ್ಬುದ್ಧಿ ಬಂತು. "ಆ ಅಂಜಲ್‌ಗೆ ಎಷ್ಟು?" ಅಂತ ಎಲ್ಲರ ಎದುರಿಗೇ ಕೇಳಿಬಿಟ್ಟೆ.

ಟೇಬಲ್ ಮೌನವಾಯಿತು. ಭಾವ ನನ್ನ ಕಾಲು ತುಳಿದ. ಬ್ಯಾಂಕಿನವನು ಫೋನಿನಲ್ಲಿ ಏನೋ ತುರ್ತು ಓದತೊಡಗಿದ. ಸತ್ತವರ ಮನೆಯಲ್ಲಿ ಆಸ್ತಿ ಪಾಲಿನ ಮಾತು ಎತ್ತಿದ ಹಾಗೆ ಎಲ್ಲರೂ ನನ್ನನ್ನು ನೋಡಿದರು. ಹುಡುಗ ಅಸ್ಸಾಮಿನವನು. ಏಳು ಭಾಷೆಯ ನೆಲದಲ್ಲಿ ಅವನ ಜೊತೆ ಎಂಟನೆಯದಾದ ಹಿಂದಿಯಲ್ಲೇ ಮಾತಾಡಬೇಕು. "ಕೇಳಿಕೊಂಡು ಬರ್ತೇನೆ ಸಾರ್" ಅಂತ ಒಳಗೆ ಹೋದ. ಹದಿನೈದು ನಿಮಿಷ ಬರಲಿಲ್ಲ. ಬಂದಾಗ ಅವನ ಕೈಯಲ್ಲಿ ಕ್ರಯ ಇರಲಿಲ್ಲ, ಹುರಿದ ಅಂಜಲ್ ಇತ್ತು.

ಹೋಟೆಲಿನವರು ನಮಗೆ ಮಾರುವುದು ಮೀನನ್ನಲ್ಲ ಅಂತ ನನಗೆ ಆಗ ಅನಿಸಿತು. ನಮ್ಮ ನಾಚಿಕೆಯನ್ನೇ ಮಸಾಲೆ ಹಚ್ಚಿ ನಮಗೇ ಮಾರುತ್ತಾರೆ. ಮಾರ್ಕೆಟಿನಲ್ಲಿ ಇದೇ ಭಾವ ಒಂದು ಕಿಲೋ ಮತ್ತಿ ಮೀನಿಗೆ ಹತ್ತು ರೂಪಾಯಿ ಇಳಿಸಲು ಅರ್ಧ ಗಂಟೆ ಜಗಳ ಮಾಡುತ್ತಾನೆ. ಅದೇ ಕಡಲಿನ ಮೀನು ತಟ್ಟೆಗೆ ಬಂದ ಮೇಲೆ ಬಾಯಿ ಬಿದ್ದುಹೋಗುತ್ತದೆ.

ಕ್ರಯ ಮುಚ್ಚಿಡುವುದು ನಮ್ಮಲ್ಲಿ ಮಾತ್ರ ಅಂತ ಕೊರಗಬೇಕಾಗಿಲ್ಲ. ಪೆರು ದೇಶದ ಲಿಮಾದಲ್ಲಿ ಒಂದು ದೊಡ್ಡ ರೆಸ್ಟೋರೆಂಟ್ ಇದೆ. ಜೋಡಿ ಬಂದರೆ ಗಂಡಸಿಗೆ ಕ್ರಯ ಇರುವ ಮೆನು, ಹೆಂಗಸಿಗೆ ಕ್ರಯ ಇಲ್ಲದ ಮೆನು ಕೊಡುತ್ತಿದ್ದರು. ಅವಳು ಲೆಕ್ಕದ ಚಿಂತೆ ಇಲ್ಲದೆ ಸಂಜೆಯನ್ನು ಆನಂದಿಸಲಿ ಅಂತ ಅವರ ವಾದ. 2019ರಲ್ಲಿ ಅಲ್ಲಿಯ ಗ್ರಾಹಕ ಸಂಸ್ಥೆ ಎರಡು ಲಕ್ಷ ಹತ್ತು ಸಾವಿರ ಸೋಲ್ ದಂಡ ಹಾಕಿತು. ನಮ್ಮ ಹೋಟೆಲಿನ ಮೇಲೆ ಅಂಥ ಕೇಸು ನಿಲ್ಲುವುದಿಲ್ಲ. ಇಲ್ಲಿ ಗಂಡು ಹೆಣ್ಣು ಭೇದ ಇಲ್ಲ, ಯಾರಿಗೂ ಹೇಳುವುದಿಲ್ಲ.

ಹಳೆಯ ಹೋಟ್ಲುಗಳಲ್ಲಿ ಗುಟ್ಟು ಅನ್ನುವುದೇ ಇರಲಿಲ್ಲ. ಕರಿಹಲಗೆಯಲ್ಲಿ ಸೀಮೆಸುಣ್ಣದಿಂದ ಬರೆದ ಕ್ರಯ. ತಿಂದು ಏಳುವಾಗ ಸಪ್ಲೈಯರ್ ಅಲ್ಲಿಂದಲೇ ಕೂಗುತ್ತಿದ್ದ, "ನೀಲಿ ಶರ್ಟು, ಎರಡು ಬನ್ಸು, ಒಂದು ಚಾಯ, ಆರೂವರೆ ರೂಪಾಯಿ!" ಗಲ್ಲಾಪೆಟ್ಟಿಗೆಯವರು ತಲೆ ಎತ್ತಿ ನೀಲಿ ಶರ್ಟನ್ನು ಹುಡುಕುತ್ತಿದ್ದರು. ನೀನು ಎಷ್ಟು ತಿಂದೆ ಅಂತ ಇಡೀ ಪೇಟೆಗೆ ಗೊತ್ತಾಗುತ್ತಿತ್ತು. ಯಾರ ಮರ್ಯಾದೆಯೂ ಹೋದ ನೆನಪಿಲ್ಲ. ಈಗ ಬಿಲ್ಲು ರೆಕ್ಸಿನ್ ಫೋಲ್ಡರಿನಲ್ಲಿ ಬರುತ್ತದೆ, ಮೇಲೆ ಸೋಂಪು. ಪೋಸ್ಟ್‌ಮಾರ್ಟಂ ರಿಪೋರ್ಟಿನ ಹಾಗೆ ಅದನ್ನು ಅರ್ಧ ಮಾತ್ರ ತೆರೆದು ನೋಡಬೇಕು.

ಇದೇ ಕೇರಳದಲ್ಲಿ ಶಬರಿಮಲೆ ಸೀಸನ್ ಬಂದರೆ ಅಲ್ಲಿಯ ಜಿಲ್ಲಾಡಳಿತ ದಾರಿಯ ಹೋಟೆಲುಗಳಿಗೆ ಊಟ ತಿಂಡಿಯ ಕ್ರಯವನ್ನು ಗ್ರಾಂ ಸಮೇತ ನಿಗದಿ ಮಾಡುತ್ತದೆ. ಕ್ರಯ ತಿಳಿದು ಇಡ್ಲಿ ತಿನ್ನಬೇಕಾದರೆ ನಲವತ್ತೊಂದು ದಿನದ ವ್ರತ ಬೇಕು ಅಂತಾಯಿತು.

ಬಿಲ್ಲು ಬರುವ ಹೊತ್ತಿಗೆ ಕೈ ತೊಳೆಯುವ ಕಾರ್ಯಕ್ರಮ. ಇದೊಂದು ವಿದ್ಯೆ. ಮೊದಲು ತೊಳೆದು ಬಂದವನು ಕೊಡಬೇಕಾಗುತ್ತದೆ, ಅದಕ್ಕೆ ಎಲ್ಲರೂ ಶಸ್ತ್ರಚಿಕಿತ್ಸೆಗೆ ಹೊರಟ ಡಾಕ್ಟರರ ಹಾಗೆ ಮೊಣಕೈವರೆಗೆ ಉಜ್ಜುತ್ತಾರೆ. ಭಾವ ಮೂರು ಸಲ ಸೋಪು ಹಾಕಿದ. ಆದರೂ ಟೇಬಲಿಗೆ ಬಂದಾಗ ಫೋಲ್ಡರ್ ಹಾಗೇ ಇತ್ತು.

ಒಟ್ಟು 3,465 ರೂಪಾಯಿ. ಅದರಲ್ಲಿ 165 ಜಿಎಸ್‌ಟಿ. 2017ರ ಜುಲೈಯಲ್ಲಿ ಎಸಿ ಹೋಟೆಲಿಗೆ ಈ ತೆರಿಗೆ 18 ಶೇಕಡ ಇತ್ತು, ನವೆಂಬರಿನಲ್ಲಿ 5ಕ್ಕೆ ಇಳಿಯಿತು. ತೆರಿಗೆ ಇಳಿದದ್ದು ಬ್ಯಾಂಕಿನವನಿಗೆ ನೆನಪಿದೆ, ಊಟದ ಕ್ರಯ ಇಳಿದದ್ದು ಯಾರಿಗೂ ನೆನಪಿಲ್ಲ. ನೀರಿನ ಬಾಟಲಿಗೆ 40. ಬಾಟಲಿಯ ಮೈಮೇಲೆ 20 ಅಂತಿದೆ. "ಎಂಆರ್‌ಪಿಗಿಂತ ಜಾಸ್ತಿ ತೆಗೆಯಬಹುದಾ?" ಅಂದೆ. ಹೋಟೆಲಿನಲ್ಲಿ ಕೂತು ಕುಡಿದರೆ ತೆಗೆಯಬಹುದು ಅಂತ 2017ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ ಅಂತ ಬ್ಯಾಂಕಿನವನು ವಿವರಿಸಿದ. ಸರ್ವೀಸ್ ಚಾರ್ಜು ಇರಲಿಲ್ಲ, ಪುಣ್ಯ. ಅದನ್ನು ತಾವಾಗಿ ಬಿಲ್ಲಿಗೆ ಸೇರಿಸಬಾರದು ಅಂತ ಕೇಂದ್ರ ಗ್ರಾಹಕ ಪ್ರಾಧಿಕಾರ 2022ರಲ್ಲಿ ಹೇಳಿತ್ತು. 2025ರಲ್ಲಿ ದೆಹಲಿ ಹೈಕೋರ್ಟ್ ಅದನ್ನೇ ಎತ್ತಿಹಿಡಿಯಿತು. ಸೇರಿಸಿದರೆ ತೆಗೆಯಿರಿ ಅನ್ನಬಹುದು. ಅನ್ನುವುದಕ್ಕೆ ಬಾಯಿ ಬೇಕಲ್ಲ, ಆ ಬಾಯಿಯಲ್ಲಿ ಸೋಂಪು ಇರುತ್ತದೆ.

ಎಲ್ಲರೂ ಗಲ್ಫ್ ಗೆಳೆಯನ ಕಿಸೆ ನೋಡಿದೆವು. ಅವನು ಹಲ್ಲುಕಡ್ಡಿ ಹಾಕಿಕೊಂಡು ಶಾಂತವಾಗಿ ಹೇಳಿದ, "ಅಲ್ಲಿ ನಾವೆಲ್ಲ ಶೇರ್ ಮಾಡೋದು ಮಾರಾಯ್ರೆ. ಅದೇ ಚಂದ. ಯಾರಿಗೂ ಭಾರ ಇಲ್ಲ."

ಭಾವನ ಗಂಟಲಿನಲ್ಲಿ ಆಗ ಸಿಕ್ಕಿಕೊಂಡದ್ದು ಅಂಜಲಿನ ಮುಳ್ಳು ಅಲ್ಲ. ಆ ಮೀನಿನ ಎದುರಿಗೆ 1,240 ಅಂತ ಇತ್ತು. ನಾನು ತಿಂದದ್ದಕ್ಕೆಲ್ಲ ಸೇರಿ ಇನ್ನೂರೂ ಆಗುವುದಿಲ್ಲ. ಹೇಳಬಹುದಿತ್ತು. ಆದರೆ ಒಂದು ಸಲ ಕ್ರಯ ಕೇಳಿ ಮರ್ಯಾದೆ ಕಳಕೊಂಡವನು ಎರಡನೆಯ ಸಲ ಬಾಯಿ ಬಿಡುತ್ತಾನಾ? "ಹೌದು ಹೌದು, ಸಮಪಾಲೇ ಸರಿ" ಅಂತ ಎಲ್ಲರಿಗಿಂತ ಜೋರಾಗಿ ನಾನೇ ಹೇಳಿದೆ.

ಒಟ್ಟು ಹಣ ಭಾವ ಕೊಟ್ಟ. ಮನೆಗೆ ತಲುಪುವ ಮೊದಲೇ ನನ್ನ ಫೋನಿಗೆ ಅವನ ಯುಪಿಐ ಕ್ಯೂಆರ್ ಕೋಡ್ ಬಂತು, ಮೊತ್ತ, ಷರಾ ಎಲ್ಲ ಅವನೇ ತುಂಬಿಸಿದ್ದು, 693 ರೂಪಾಯಿ. ಕಳಿಸಿದೆ. ಷರಾ ಜಾಗದಲ್ಲಿ ಅವನು ಏನು ಬರೆದಿದ್ದ ಅಂತ ಆಗ ನೋಡಲಿಲ್ಲ. ಮೊನ್ನೆ ಬ್ಯಾಂಕಿನಿಂದ ಸ್ಟೇಟ್‌ಮೆಂಟ್ ಬಂತು. ನಮ್ಮ ಮನೆಯಲ್ಲಿ ಅದನ್ನು ಮೊದಲು ಓದುವುದು ಅಮ್ಮ, ಕನ್ನಡಕ ಹಾಕಿಕೊಂಡು, ಒಂದೊಂದೇ ಸಾಲು, ಗಟ್ಟಿಯಾಗಿ.

"ಅಂಜಲ್, ಆರುನೂರ ತೊಂಬತ್ತಮೂರು" ಅಂತ ಓದಿ ನಿಲ್ಲಿಸಿದರು. ಕನ್ನಡಕ ತೆಗೆದು ನನ್ನನ್ನು ನೋಡಿದರು.

"ಯಾರು ಮಗಾ ಈ ಅಂಜಲಿ?"